ಸರಾಸರಿ ಏರಿದ ದಿನ

ಶಿರಹಟ್ಟಿ ಹತ್ತಿರದ ಹಳ್ಳಿಯಲ್ಲಿ ನಾನು ಗಣಿತ ಕಲಿಸುತ್ತಿದ್ದಾಗ ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಪ್ರಶ್ನೆ ಕೇಳಿದರೆ ಎದ್ದು ನಿಂತು, ಬೆವರಿದ ಅಂಗೈಗಳನ್ನು ಲಂಗಕ್ಕೆ ಒರೆಸಿಕೊಂಡು, "ತಪ್ಪಿದ್ರ ಬೈಬ್ಯಾಡ್ರಿ ಸರ" ಎಂದು ಹೇಳಿಯೇ ಉತ್ತರ ಕೊಡುವಳು. ಹೆಚ್ಚಾಗಿ ಅದು ತಪ್ಪೇ ಇರುತ್ತಿತ್ತು. ಆದರೆ ಒಂದು ದಿನವೂ ಶಾಲೆ ತಪ್ಪಿಸಿದವಳಲ್ಲ.

ಆ ವರ್ಷ ಮೇಲಿನವರು ಬಂದು ಪರೀಕ್ಷೆ ನಡೆಸಿ, ತರಗತಿಯ ಸರಾಸರಿ ಅಂಕ ನೋಡುವವರಿದ್ದರು. ಹಿಂದಿನ ಸಂಜೆ ಅವಳನ್ನು ಬದಿಗೆ ಕರೆದು, "ನಾಳಿ ಸಾಲಿಗೆ ಬರಬ್ಯಾಡವ್ವಾ, ಮನ್ಯಾಗ ಇರು" ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ನಮ್ಮ ಸರಾಸರಿ ಚೆನ್ನಾಗಿ ಬಂತು. ಬಂದವರು ನನ್ನ ಬೆನ್ನು ತಟ್ಟಿದರು.

ಮುಂದಿನ ವಾರ ಸರಾಸರಿಯ ಪಾಠವಿತ್ತು. ಐದು ಮಕ್ಕಳ ಅಂಕಗಳನ್ನು ಹಲಗೆಯ ಮೇಲೆ ಬರೆದು, "ಒಬ್ಬರದು ತಗದ್ರ ಸರಾಸರಿ ಏರಬೇಕು. ಯಾರದು ತಗೀಬೇಕು?" ಎಂದು ಕೇಳಿದೆ. ಅವಳು ಎದ್ದಳು.

"ಎಲ್ಲಾರಕಿಂತ ಕಡಿಮಿ ಇದ್ದಾರದು ತಗೀಬೇಕ್ರಿ. ಅವತ್ತ ನಾ ಬರಲಿಲ್ಲಲ್ರಿ, ಹಂಗ. ಎಷ್ಟ್ ಏರಿತ್ರಿ ಸರ?"

ಅವಳ ದನಿಯಲ್ಲಿ ದೂರಿರಲಿಲ್ಲ. ನನಗೆ ಉಪಕಾರವಾಯಿತೆಂಬ ಸಂತೋಷವಿತ್ತು. ಉತ್ತರ ಸರಿಯಾಗಿತ್ತು. ನಾನು ಹಲಗೆಯ ಕಡೆ ತಿರುಗಿ, ಎಲ್ಲಕ್ಕಿಂತ ಕಡಿಮೆ ಇದ್ದ ಅಂಕವನ್ನು ಅಳಿಸಿದೆ.