ಬೀರಪ್ಪನ ಗುಡಿಗೆ ಬಂದ ದೀಪಸ್ತಂಭದ ಗಾಜು

ಹಿರೇಹಡಗಲಿಯ ಹೊನ್ನೂರಸ್ವಾಮಿಗೆ ಕುರಿ ಹಿಂದೆ ತಿರುಗುವುದು ಒಗ್ಗಲಿಲ್ಲ. ಕಡಲ ದಂಡೆಯ ದೀಪಸ್ತಂಭದಲ್ಲಿ ದೀಪ ಕಾಯುವ ಸರ್ಕಾರಿ ಕೆಲಸ ಹಿಡಿದ. ಬ್ರಿಟಿಷರ ಕಾಲದ ಕಲ್ಲುಗೋಪುರ ಅದು. ಮೊದಲು ಕೊಬ್ಬರಿ ಎಣ್ಣೆ, ಆಮೇಲೆ ಸೀಮೆಎಣ್ಣೆ, ಕೊನೆಗೆ ಕರೆಂಟು ಉರಿದರೂ ಗಾಜು ಮಾತ್ರ ಅದೇ. ಆಳೆತ್ತರದ ಆ ಗಾಜಿನ ಪಂಜರ ಪಾದರಸದ ತೊಟ್ಟಿಯ ಮೇಲೆ ತೇಲುತ್ತ, ಬೆರಳು ತಾಕಿಸಿದರೆ ಸಾಕು, ತಿರುಗುತ್ತಿತ್ತು. ರಾತ್ರಿ ಹಡಗಿಗೆ ದಾರಿ ತೋರುವ ಗಾಜೇ ಹಗಲು ಬಿಸಿಲನ್ನು ಒಂದೆಡೆ ಕೂಡಿಸಿ ಬೆಂಕಿ ಹಚ್ಚಬಲ್ಲದು. ಅದಕ್ಕೇ ಬೆಳಕು ಹರಿದೊಡನೆ ಸುತ್ತ ಪರದೆ ಎಳೆಯುವುದು ಅವನ ಮೊದಲ ಕೆಲಸ.

ಹೊಸ ದೀಪ ಬಂದು ಹಳೆಯದು ಗುಜರಿಗೆ ಬಿದ್ದಾಗ ಆ ಪಂಜರದ ಉಬ್ಬಿದ ಒಂದು ಗಾಜನ್ನು ಹರಾಜಿನಲ್ಲಿ ಹಿಡಿದು, ನಿವೃತ್ತನಾಗಿ ಊರಿಗೆ ಬಂದ. ಕುಲದೇವರು ಬೀರಪ್ಪನ ಹೊಸ್ತಿಲಲ್ಲಿ ಮುಪ್ಪು ಕಳೆಯಬೇಕೆಂಬುದೊಂದೇ ಅವನ ಆಸೆ. ಹಿರಿಯರನ್ನು ಒಪ್ಪಿಸಿ ಗಾಜನ್ನು ದೇವರ ನಂದಾದೀಪದ ಮುಂದೆ ಇಡಿಸಿದ. ಅಂದು ಸಂಜೆ ದೂರದ ಹೊಲಗಳಲ್ಲಿ ಕುರಿ ತರುಬಿ ತಂಗಿದವರಿಗೂ ದೀಪ ಕಂಡಿತು. ಊರು ಅವನನ್ನು ಕೊಂಡಾಡಿತು. ಗುಡಿಯ ಪೂಜಾರಿಯಾಗಿದ್ದ ಅವನ ಒಡಹುಟ್ಟಿದ ಅಣ್ಣ ಪಾಲಾಕ್ಷಪ್ಪನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು.

ಗರ್ಭಗುಡಿಯಲ್ಲಿ ಪೂಜಾರಿಯ ಹೊರತು ಯಾರೂ ಏನನ್ನೂ ಮುಟ್ಟುವಂತಿಲ್ಲ. ಹೊನ್ನೂರಸ್ವಾಮಿ ಬಾಗಿಲ ಹೊರಗೇ ನಿಂತು ಹೇಳಿದ: "ಅಣ್ಣಾ, ಮುಂಜಾನಿ ಬಾಗ್ಲ ತೆಗಿಯಾಕ ಮೊದ್ಲ ಗಾಜಿಗೆ ಅರಿವಿ ಮುಚ್ಚು."

"ಬಂದ್ಯಾ ಸರ್ಕಾರದ ದೊರಿ! ಮೂಡಲ ಮಖದ ದ್ಯಾವ್ರಿಗೆ ಸೂರ್ಯನ್ನ ಮರೆ ಮಾಡು ಅಂತೀಯಾ?"

"ಸುಡತೈತಿ, ಅಣ್ಣಾ."

"ಸುಡಬೇಕಾದ್ದು ನಿನ್ನ ನಾಲಿಗಿ. ಹೋಗಲೇ!"

ಮರುದಿನ ಹೊತ್ತು ಮಾರುದ್ದ ಏರುವಷ್ಟರಲ್ಲಿ ಗುಡಿಯಿಂದ ಹೊಗೆ ಬಂತು. ದೀಪದ ಪಕ್ಕ ಮಡಚಿಟ್ಟಿದ್ದ ದೇವರ ಕಂಬಳಿ, ಮುತ್ತಜ್ಜ ನೇಯ್ದದ್ದು, ನಡುವೆ ಕರಕಲಾಗಿತ್ತು.

ಊರು ಕೂಡಿತು. "ನೋಡ್ರಿ, ಇವನ ಗಾಜಿನ ಪಾಪ!" ಎಂದು ಪಾಲಾಕ್ಷಪ್ಪ ಗಾಜನ್ನು ಅಂಗಳಕ್ಕೆ ತಂದಿಟ್ಟು ಎದೆ ಬಡಿದುಕೊಂಡ.

"ಅರಿವಿ ಮುಚ್ಚು ಅಂದಿದ್ನಂತಲ್ಲೋ?" ಎಂದಳು ಅವರಿಬ್ಬರ ಸೋದರತ್ತೆ ಹಂಪಮ್ಮ.

"ಬೀರಪ್ಪನ ಮುಂದ ಪರದಿ ಎಳಿಯಾಕ ನಾನೇನು ನಾಟಕದ ಕಂಪನಿಯವನಾ?"

ನಾಲ್ಕು ಮಂದಿ ನಕ್ಕರು. ನಕ್ಕವರೇ ತೀರ್ಪು ಕೊಟ್ಟರು: ಹೊನ್ನೂರಸ್ವಾಮಿ ತನ್ನ ಗಾಜನ್ನು ಒಡೆದು ಅಣ್ಣನ ಕಾಲಿಗೆ ಬಿದ್ದರೆ ಗುಡಿಯ ಮೆಟ್ಟಿಲು ಹತ್ತಬಹುದು, ಇಲ್ಲವಾದರೆ ಇಲ್ಲ.

ಹೊನ್ನೂರಸ್ವಾಮಿ ಅಣ್ಣನತ್ತ ತಿರುಗಿದ. "ಬೀರಪ್ಪನ ಕಾಲಿಗೆ ದಿನಾ ಬೀಳ್ತೀನಿ. ನಿನ್ನ ಕಾಲಿಗೆ ನಿನ್ನ ನಾಯಿ ಬೀಳ್ಲಿ."

ಅಂಗಳದ ಮಣ್ಣಿನಲ್ಲೇ ದೇವರಿಗೆ ಉದ್ದಂಡ ಬಿದ್ದು, ಗಾಜನ್ನು ಹೆಗಲಿಗೇರಿಸಿಕೊಂಡು ಮನೆಯ ಮಾಳಿಗೆ ಹತ್ತಿದ.

ಈಗಲೂ ಸಂಜೆಯಾದರೆ ಅಲ್ಲಿ ದೀಪ ಉರಿಯುತ್ತದೆ. ಕುರಿಗಾರರು ಅದನ್ನೇ ನೋಡಿ ಹಾದಿ ಹಿಡಿಯುತ್ತಾರೆ. ಪಾಲಾಕ್ಷಪ್ಪ ಆ ಕಡೆಗಿದ್ದ ತನ್ನ ಕಿಟಕಿಗೆ ಕಲ್ಲುಮಣ್ಣು ಇಟ್ಟು ಮುಚ್ಚಿಸಿದ್ದಾನೆ.