ನಮ್ಮ ಟೈಪಿಂಗ್ ಟೀಚರ ಫ್ಲಾಪಿಗಳು

ನಮ್ಮ ಟೈಪಿಂಗ್ ಟೀಚರ ಬೆರಳುಗಳ ತುದಿ ಚಪ್ಪಟೆಯಾಗಿತ್ತು. ಉಗುರನ್ನು ಬುಡಕ್ಕೆ ಕತ್ತರಿಸಿರುತ್ತಿದ್ದರು. ಆದರೂ ಸಂದಿಯಲ್ಲಿ ರಿಬ್ಬನ್ನಿನ ನೀಲಿಗಪ್ಪು ಮಸಿ, ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗದಂಥದ್ದು. ಚಿಂತೆಯಾದಾಗ ಆ ಬೆರಳುಗಳು ತೊಡೆಯ ಮೇಲೆ, ಬಸ್ಸಿನ ಕಂಬಿಯ ಮೇಲೆ, ನಾದಿಟ್ಟ ಹಿಟ್ಟಿನ ಮೇಲೂ ಏನನ್ನೋ ಟೈಪ್ ಮಾಡುತ್ತಿದ್ದವು.

ಶಿಕಾರಿಪುರದ ಪೇಟೆಯಲ್ಲಿ ಅವರ ಅಣ್ಣನ ಕಾಳಿನ ಅಂಗಡಿ, ಅದರ ಮಹಡಿಯ ಕೋಣೆಯಲ್ಲಿ ಇವರ ಕ್ಲಾಸು. ಟೀಚರು ಮದುವೆಯಾಗಿರಲಿಲ್ಲ, ಅವ್ವನ ಜೊತೆ ಅಣ್ಣನ ಮನೆಯಲ್ಲೇ ಇದ್ದರು. ಅದೇ ಓಣಿಗೆ ಸೊಸೆಯಾಗಿ ಬಂದ ನಾನು ಅವರಲ್ಲಿ ಕಲಿತು, ಆಮೇಲೆ ಬೆಳಗಿನ ಬ್ಯಾಚನ್ನು ನೋಡಿಕೊಳ್ಳುತ್ತಿದ್ದೆ. ತಪ್ಪಾದರೆ ಟೀಚರು ರಬ್ಬರಿನಿಂದ ಉಜ್ಜಲು ಬಿಡುತ್ತಿರಲಿಲ್ಲ. "ಹಾಳೆ ತೆಗಿ. ಮೊದಲಿಂದ ಹೊಡಿ" ಎನ್ನುತ್ತಿದ್ದರು. ಗದರಿಕೆಯಿಲ್ಲ, ಇನ್ನಷ್ಟು ಮಜ್ಜಿಗೆ ಹಾಕಲೇ ಎಂದು ಕೇಳುವ ದನಿ.

ತೊಂಬತ್ತರ ದಶಕದ ಕೊನೆಗೆ ಎಲ್ಲರೂ ಕಂಪ್ಯೂಟರ್ ಕೇಳತೊಡಗಿದರು. ಟೈಪ್‌ರೈಟರುಗಳ ಹೊದಿಕೆಯನ್ನೇ ತೆಗೆಯದ ದಿನಗಳು ಬಂದವು. ಟೀಚರು ಅಣ್ಣನನ್ನು ಒಪ್ಪಿಸಿ ಹಳೆಯ ಕಂಪ್ಯೂಟರೊಂದನ್ನು ತರಿಸಿದರೆ, ಸ್ವಲ್ಪ ದಿನಕ್ಕೇ ವೈರಸ್ ಬಡಿದು ಒಳಗಿದ್ದದ್ದೆಲ್ಲ ಅಳಿಸಿಹೋಯಿತು. ಮಾರಿದವನು ಕೈಯೆತ್ತಿದ. ಅಣ್ಣನಿಗೆ ಮೆಕ್ಕೆಜೋಳದ ಸುಗ್ಗಿ ಹತ್ತಿರವಾಗಿತ್ತು, ಚೀಲ ಇಡಲು ಜಾಗ ಸಾಲದು. ಮೆಟ್ಟಿಲ ಬುಡದಲ್ಲಿ ನಿಂತೇ ಹೇಳಿದರು: "ವಿಜಯದಶಮಿ ದಿನ ಜನ ಮಕ್ಕಳನ್ನ ಸೇರ್ಸಾಕೆ ಬರ್ತಾರೆ. ಅವತ್ತು ನಿನ್ನ ಯಂತ್ರ ಎದ್ರೆ ಕೋಣೆ ನಿಂದು. ಏಳಲಿಲ್ಲಾಂದ್ರೆ ಚೀಲ ಹಾಕಿಸ್ತೀನಿ. ಆಮೇಲೆ ಮುಖ ಊದಿಸ್ಕೊಂಡು ಕೂರಬ್ಯಾಡ."

ಕಾಲೇಜಿನ ಉಪನ್ಯಾಸಕರೊಬ್ಬರು ಪತ್ರಿಕೆಯ ಜೊತೆ ಬಂದಿದ್ದ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ತಂತ್ರಾಂಶದ ಸಿಡಿಯನ್ನು ಕೊಟ್ಟರು. ಅದನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು, ಯಾರ ಅಪ್ಪಣೆಯೂ ಬೇಡ ಎಂದರು. ಆದರೆ ನಮ್ಮ ಹಳೆಯ ಯಂತ್ರ ಸಿಡಿಯಿಂದ ಏಳುತ್ತಿರಲಿಲ್ಲ. ಮೊದಲು ಫ್ಲಾಪಿ ಎಂಬ ಅಂಗೈಯಗಲದ ಡಿಸ್ಕಿನಿಂದ ಅದನ್ನು ಎಬ್ಬಿಸಬೇಕು, ಎದ್ದಮೇಲೆ ಅದು ಸಿಡಿಯನ್ನು ಓದಿಕೊಳ್ಳುತ್ತದೆ. ಆ ಎಬ್ಬಿಸುವ ಫ್ಲಾಪಿಗಳನ್ನು ಸರಿಯಿರುವ ಬೇರೊಂದು ಕಂಪ್ಯೂಟರಿನಲ್ಲಿ ಬರೆದು ತರಬೇಕು. ಸೊರಬದ ಡಿಟಿಪಿ ಅಂಗಡಿಯವರು ಬನ್ನಿ ಎಂದರು.

ಆಯುಧಪೂಜೆಯ ಹಿಂದಿನ ದಿನ ಇಬ್ಬರೂ ಹೊರಟೆವು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಬೂದುಗುಂಬಳ, ಚೆಂಡುಹೂವಿನ ಮೂಟೆಗಳ ನಡುವೆ ನುಗ್ಗಿ ಹತ್ತಬೇಕಾಯಿತು. ಟೀಚರು ಫ್ಲಾಪಿಗಳಿದ್ದ ತಿಂಡಿ ಡಬ್ಬಿಯನ್ನು ಎದೆಗವಚಿಕೊಂಡಿದ್ದರು. ಸೊರಬದ ಅಂಗಡಿಯಲ್ಲಿ ಒಂದೊಂದನ್ನೂ ಸೆರಗಿನಿಂದ ಒರೆಸಿ ಕೊಡುವುದನ್ನು ಕಂಡು ಮಾಲೀಕರು, "ಏನ್ ಮೇಡಂ, ಉಪ್ಪಿನಕಾಯಿ ಜಾಡಿ ಒರೆಸಿದ ಹಾಗೆ ಒರೆಸ್ತೀರಲ್ಲ" ಎಂದು ನಕ್ಕರು. ಒಂದು ಫ್ಲಾಪಿ ಅರ್ಧ ಬರೆದು ತಪ್ಪು ತೋರಿಸಿತು. ಅಷ್ಟಕ್ಕೇನೂ ಆಗುವುದಿಲ್ಲ ಬಿಡಿ ಎಂದರೂ ಇವರು ಕೇಳಲಿಲ್ಲ, ಅದನ್ನು ತೆಗೆಸಿ ಬೇರೆಯದಕ್ಕೆ ಮೊದಲಿಂದ ಬರೆಸಿದರು. ಒಂದು ಜೊತೆ ಮುಗಿದ ಮೇಲೆ, ಇರಲಿ ಎಂದು ಇನ್ನೊಂದು ಜೊತೆ. ಹಾಕಿ ನೋಡಿದಾಗ ಅಂಗಡಿಯ ಕಂಪ್ಯೂಟರಿನಲ್ಲಿ ಬಿಳಿ ಅಕ್ಷರದ ಸಾಲುಗಳು ಸರಸರನೆ ಮೇಲಕ್ಕೆ ಹರಿದವು. ಎಲ್ಲವೂ ಸರಿಯಿದ್ದವು, ನಾನೇ ಕಣ್ಣಾರೆ ಕಂಡೆ.

ಊರಿಗೆ ಬಂದಾಗ ಕರೆಂಟಿರಲಿಲ್ಲ. ಮರುದಿನ ಆಯುಧಪೂಜೆ. ಪೂಜೆಗೆ ಇಟ್ಟ ಯಂತ್ರವನ್ನು ದಶಮಿಯ ಬೆಳಗಿನವರೆಗೆ ಮುಟ್ಟುವಂತಿಲ್ಲ.

ಪೂಜೆ ಪ್ರತಿವರ್ಷ ಅವರ ಅವ್ವನದೇ. ಮಂಡಿನೋವಿನಲ್ಲೂ ಮಹಡಿ ಹತ್ತಿ, ವಿಭೂತಿಯನ್ನು ನೀರಲ್ಲಿ ಕಲಸಿ, ಪ್ರತಿ ಟೈಪ್‌ರೈಟರಿಗೂ ಮೂರು ಬೆರಳಿನ ಗೆರೆ ಎಳೆಯುತ್ತಿದ್ದರು. ಆ ವರ್ಷ ಫ್ಲಾಪಿಯೊಂದನ್ನು ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲಿ ಕೆಲಸ ಮಾಡುವುದು ಯಾವುದು ಎಂದು ಕೇಳಿದರು. ಟೀಚರು ಹೆಮ್ಮೆಯಿಂದ ಅದರ ತಗಡಿನ ಮುಚ್ಚಳವನ್ನು ಸರಿಸಿ ತೋರಿಸಿದರು. "ಇದು ಬರೀ ಕವಚ ಅವ್ವಾ. ಕೆಲಸ ಎಲ್ಲ ಒಳಗಿನ ಈ ಕರಿ ಬಿಲ್ಲೆದು." ಆಮೇಲೆ ನಾವಿಬ್ಬರೂ ಹೋಳಿಗೆ ಬೇಯಿಸಲು ಕೆಳಗಿಳಿದೆವು.

ದಶಮಿಯ ಬೆಳಿಗ್ಗೆ ಬೆಂಚು ತುಂಬಿತ್ತು. ಶಿರಾಳಕೊಪ್ಪದ ಬಟ್ಟೆ ಅಂಗಡಿಯ ಸಾಹೇಬರು ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಅಣ್ಣ ಬಾಗಿಲಿಗೆ ಒರಗಿ ಕೈಕಟ್ಟಿ ನಿಂತಿದ್ದರು. ಟೀಚರು ಫ್ಲಾಪಿ ಹಾಕಿದರು. ಯಂತ್ರ ಗರಗರ ಎಂದಿತು, ತಡವರಿಸಿತು, ಓದಲಾಗುತ್ತಿಲ್ಲ ಎಂದು ತೋರಿಸಿ ನಿಂತಿತು. ಇನ್ನೊಂದು ಜೊತೆಯೂ ಅಷ್ಟೇ. ಅವರು ಒಂದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ಮುಚ್ಚಳ ಸರಿಸಿದರು. ಪಕ್ಕದಲ್ಲಿದ್ದ ನನಗೂ ಕಂಡಿತು: ಕರಿ ಬಿಲ್ಲೆಯ ಮೇಲೆ ಒಣಗಿದ ವಿಭೂತಿ, ಕುಂಕುಮದ ಬೊಟ್ಟು, ಅಂಟಿಕೊಂಡ ಒಂದು ಅಕ್ಷತೆ ಕಾಳು.

ಅವ್ವ ಬೆಂಚಿನ ತುದಿಯಿಂದ ಕೇಳಿದರು: "ಯಾಕವಾ ಏಳವಲ್ದು? ನಿನ್ನೆ ಒಳಗಿನ ಬಿಲ್ಲೆಗೇ ಹಚ್ಚೀನಲ್ಲ, ಒಂದೂ ಬಿಡದಂಗೆ."

ಅಲ್ಲಿದ್ದವರಲ್ಲಿ ಆ ಮಾತು ಅರ್ಥವಾದದ್ದು ನಮ್ಮಿಬ್ಬರಿಗೆ ಮಾತ್ರ. ಟೀಚರು ಮುಚ್ಚಳ ಬಿಟ್ಟರು. ಅದು ಟಕ್ಕನೆ ಮುಚ್ಚಿಕೊಂಡಿತು.

"ನಿನ್ನ ಪೂಜೇದೇನೂ ತಪ್ಪಿಲ್ಲ ಅವ್ವಾ. ನಾನೇ ಸರಿಯಾಗಿ ಬರ್ಕೊಂಡು ಬಂದಿಲ್ಲ."

ಅಣ್ಣ, "ಬರದಿರೋ ಕೆಲಸಕ್ಕೆ ಯಾಕ್ ಕೈ ಹಾಕ್ತೀಯ" ಎಂದವರೇ ಕೆಳಗಿಳಿದರು. ಸಾಹೇಬರು, ಪರವಾಗಿಲ್ಲ ಅಕ್ಕ, ಇನ್ನೊಮ್ಮೆ ಬರುತ್ತೇವೆ ಎಂದು ಮಕ್ಕಳನ್ನು ಎಬ್ಬಿಸಿದರು. ಎಲ್ಲರೂ ಹೋದ ಮೇಲೆ ಟೀಚರು ನನ್ನ ತೋಳು ಹಿಡಿದರು. "ಅವ್ವ ಇರೋತನಕ ಬಾಯಿ ಬಿಡಬ್ಯಾಡ. ಮಗಳ ಅನ್ನಕ್ಕೆ ನಾನೇ ಮಣ್ಣು ಹಾಕಿದೆ ಅಂತ ಅಂದ್ಕೊಂಡ್ರೆ ಆಕೆ ಉಳಿಯಾಕಿಲ್ಲ."

ವಾರದೊಳಗೆ ಕೋಣೆಗೆ ಚೀಲಗಳು ಬಂದವು. ಟೀಚರು ಸೊರಬದ ಅದೇ ಡಿಟಿಪಿ ಅಂಗಡಿಗೆ ಕೆಲಸಕ್ಕೆ ಸೇರಿ ದಿನಾ ಬಸ್ಸಿನಲ್ಲಿ ಓಡಾಡಿದರು. ಕಂಪ್ಯೂಟರನ್ನು ನಮ್ಮ ಪಡಸಾಲೆಗೆ ತಂದಿಟ್ಟರು. ಭಾನುವಾರ ಬಂದು ಫ್ಲಾಪಿ ಓದುವ ಭಾಗವನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸದಾಗಿ ಬರೆದು ತಂದ ಫ್ಲಾಪಿ ಹಾಕಿದಾಗ ಅದು ಒಂದೇ ಸಲಕ್ಕೆ ಎದ್ದಿತು. ನಾನು ಕುಣಿದಾಡಿದೆ. ಅವರು ನಗಲಿಲ್ಲ, ಬಾ, ಕೂರು, ಕಲಿ ಎಂದರು. ಇವತ್ತು ತಾಲ್ಲೂಕು ಕಚೇರಿಯ ಎದುರು ನಾನು ನಡೆಸುವ ಅರ್ಜಿ, ಲಗ್ನಪತ್ರಿಕೆಯ ಅಂಗಡಿ ಶುರುವಾದದ್ದು ಆ ಭಾನುವಾರದಿಂದಲೇ. ಕೋಣೆ ವಾಪಸು ಕೇಳಿ ಎಂದು ಎಷ್ಟೋ ಸಲ ಹೇಳಿದೆ. ಕೇಳಿದರೆ ಅವತ್ತು ಏನಾಗಿತ್ತು ಎಂಬ ಮಾತು ಏಳುತ್ತದಲ್ಲ ಎನ್ನುತ್ತಿದ್ದರು. ಮನೆಯಲ್ಲಿ ಅಣ್ಣ "ಬಂದ್ರು ನೋಡ್ರಪ್ಪ ಕಂಪ್ಯೂಟರ್ ಮೇಡಂ" ಎಂದು ಛೇಡಿಸುವಾಗ ಅವ್ವನೂ ನಗುತ್ತಿದ್ದರು. ಟೀಚರು ತಟ್ಟೆ ನೋಡುತ್ತಾ ಉಣ್ಣುತ್ತಿದ್ದರು.

ಅವ್ವನಿಗಿಂತ ಮೊದಲು ಅವರೇ ಹೋದರು. ಜ್ವರವೆಂದು ಮಲಗಿದವರು ಏಳಲಿಲ್ಲ. ಅವ್ವ ಆಮೇಲೂ ಕೆಲವು ವರ್ಷ ಇದ್ದರು. ಈಗ ಅವರೂ ಇಲ್ಲವೆಂದೇ ಇದನ್ನು ಬರೆಯುತ್ತಿದ್ದೇನೆ.

ಟೀಚರು ಹೋದ ದಿನ, ಮಗಳ ತಲೆಯ ಬಳಿ ಕೂತಿದ್ದ ಅವ್ವ ನನ್ನನ್ನು ಹತ್ತಿರ ಕರೆದು, ಅವಳಿಗೆ ಕಂಪ್ಯೂಟರು ಕೊನೆಗೂ ಬರಲೇ ಇಲ್ಲವಲ್ಲ ಎಂದು ಅತ್ತರು. ಬಂತವ್ವಾ, ಚೆನ್ನಾಗೇ ಬಂತು, ನಾನು ಉಣ್ಣುತ್ತಿರುವುದೇ ಅವರು ಕಲಿಸಿದ ವಿದ್ಯೆಯಿಂದ ಎಂದೆ.

ಮುದುಕಿ ಅಳು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. "ಹಂಗಾದ್ರೆ ಅವತ್ತು ಯಾಕೆ ಏಳಲಿಲ್ಲ?"

ಟೀಚರು ಅಲ್ಲೇ, ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಮಲಗಿದ್ದರು.

"ಅವತ್ತು ಅವರು ಸರಿಯಾಗಿ ಬರ್ಕೊಂಡು ಬಂದಿರ್ಲಿಲ್ಲ ಅವ್ವಾ" ಎಂದೆ.