ಐದು ಮೆಷಿನ್‌ಗೆ ಒಂದೇ ಬಟನ್

ಪೀಣ್ಯದ ಗೇರ್ ಕಾರ್ಖಾನೆಯಲ್ಲಿ ನಾನಿನ್ನೂ ಪ್ರೊಬೇಷನ್ನಿನಲ್ಲಿದ್ದೆ. ಐದು ಲೇತ್‌ಗಳನ್ನು ಒಂದೇ ಪರದೆಯಿಂದ ನಿಲ್ಲಿಸುವ ಜಾವಾ ಪ್ರೋಗ್ರಾಂ ಬರೆಯಬೇಕಿತ್ತು. ಮಾಲೀಕರು ಮೆಚ್ಚಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆ ದಾರಿ.

ತೆಪ್ಪಗೆ ಬರೆದಿದ್ದರೆ ಮುಗಿಯುತ್ತಿತ್ತು. ನನಗೋ ಕಂಟೇನರಿನ ಹುಚ್ಚು. ಕಂಟೇನರ್ ಎಂದರೆ ಪ್ರೋಗ್ರಾಮಿನೊಳಗಿನ ಸ್ಟೋರ್ ಕೀಪರ್. ಬೇಕಾದ್ದನ್ನು ನಾವು ತಯಾರಿಸುವ ಹಾಗಿಲ್ಲ, ಕೇಳಿದರೆ ಅದೇ ಕೊಡುತ್ತದೆ. ಪರದೆಯ ಬಟನ್ನುಗಳನ್ನೂ ಅದರ ಹತ್ತಿರವೇ ಕೇಳಿದೆ. "ಒಂದೊಂದ್ ಬಟನ್ನೂ ಕೈಯಲ್ಲಿ ಮಾಡ್ತಾ ಕೂತ್ರೆ ಅದೇನ್ ಪ್ರೋಗ್ರಾಮಿಂಗ್ ಸಾರ್?" ಎಂದು ಪಕ್ಕದ ಮೇಜಿನ ಹಿರಿಯರಿಗೆ ಪಾಠ ಬೇರೆ ಹೇಳಿದೆ. ಅವರು ಟೀ ಕುಡಿಯುತ್ತಾ ನಕ್ಕರು. ನಾನು ಪರೀಕ್ಷಿಸಿದ್ದು ಒಂದೇ ಮೆಷಿನ್ ಹಾಕಿಕೊಂಡು. ಸೊಗಸಾಗಿತ್ತು.

ತೋರಿಸುವ ದಿನ ಮಾನಿಟರಿಗೂ ಕುಂಕುಮವಿಟ್ಟು, ನಿಂಬೆಹಣ್ಣು ಕೊಯ್ದು, ಪ್ರೋಗ್ರಾಂ ಶುರು ಮಾಡಿದೆವು. ಮೆಷಿನ್ನಿಗೊಂದರಂತೆ ಐದು ಚೌಕ ಮೂಡಿದವು. ನಿಲ್ಲಿಸುವ ಬಟನ್ ಐದನೆಯದರಲ್ಲಿ ಮಾತ್ರ.

"ಸರ್, ನಾಕ್ ಮಷೀನಿಗೆ ಬಟನ್ನೇ ಇಲ್ರಿ. ಅವು ನಿಂದ್ರಂಗೇ ಇಲ್ಲೇನ್ರಿ?" ಎಂದರು ಲೇತ್ ನಡೆಸುವ ರಾಯಚೂರಿನ ಅಕ್ಕ.

ನನ್ನ ಸ್ಟೋರ್ ಕೀಪರ್ ಮಾಡಿದ್ದೇ ಒಂದು ಬಟನ್. ಐದು ಸಲ ಕೇಳಿದ್ದಕ್ಕೆ ಐದು ಸಲವೂ ಅದನ್ನೇ ಕೊಟ್ಟಿದೆ. ಜಾವಾದಲ್ಲಿ ಒಂದು ಬಟನ್ ಎರಡು ಕಡೆ ಕೂರುವುದಿಲ್ಲ. ಹೊಸ ಚೌಕಕ್ಕೆ ಸೇರಿಸಿದರೆ ಹಳೆಯದನ್ನು ಬಿಟ್ಟು ಹೊರಡುತ್ತದೆ. ಹಾಗೆ ಮನೆ ಬದಲಾಯಿಸುತ್ತಾ ಕೊನೆಯದರಲ್ಲಿ ಠಿಕಾಣಿ ಹೂಡಿತ್ತು. ನನ್ನ ಮಾನ ಮೂರು ಕಾಸಿಗೆ ಹರಾಜಾಯಿತು.

ಬೈಗುಳಕ್ಕೆ ಕಾದೆ. ಮಾಲೀಕರು ಪೀಣ್ಯದವರೇ, ಹಳೇ ಗೌಡರ ಮನೆಯವರು. "ಅದ್ರಾಗೇನೈತೆ ಬುಡಪ್ಪ," ಎಂದರು, "ನಮ್ಮಲ್ಲೂ ಅಂಗೇ ಅಲ್ವಾ? ಅಳತೆ ನೋಡಾಕೆ ಐದ್ ಮಿಸನ್ನಿಗೂ ಒಂದೇ ವರ್ನಿಯರು. ಒಬ್ರು ತಗೊಂಡ್ರೆ ಇನ್ನೊಬ್ರಿಗಿಲ್ಲ. ನಡೀತಾ ಇಲ್ವಾ?"

ಹಿರಿಯರು ಬಂದು ನನ್ನ ಕಿವಿಯಲ್ಲಿ, "ಕೇಳಿದಾಗಲೆಲ್ಲ ಹೊಸದು ಕೊಡು ಅಂತ ಒಂದ್ ಸಾಲು ಹಾಕಪ್ಪ," ಎಂದರು. ಹಾಕಿದೆ. ಐದೂ ಬಟನ್ ಬಂದವು.

ಅಕ್ಕ ಪರದೆ ನೋಡಿ, ಆಮೇಲೆ ನನ್ನನ್ನು ನೋಡಿದರು. "ಒಂದ್ ಸಾಲಿಗೆ ಐದ್ ಬರ್ತಾವಂದ್ರ, ವರ್ನಿಯರಿಗೂ ಒಂದ್ ಸಾಲ್ ಬರೀರಲ್ರಿ. ಅದನ್ನ ತರಾಕ ಅಡ್ಡಾಡಿ ಅಡ್ಡಾಡಿ ಕಾಲ್ ಸೋತಾವ್ರಿ."

ಮಾಲೀಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ನಗಲಿಲ್ಲ. ಖಾಯಮಾತಿ ಪತ್ರಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ, ಹಾಗಾಗಿ ನಾನೂ ನಕ್ಕುಬಿಟ್ಟೆ. ಬಟನ್ನಿನ ತಪ್ಪು ಅವತ್ತೇ ಸರಿಹೋಯಿತು. ಆ ನಗುವಿಗೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.